ಸೂರಿಗಾಗಿ ಎತ್ತಿದ ಕೈ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಉಂಟು. ಮನೆ ಕಟ್ಟಿದವರು ನಿಟ್ಟುಸಿರಿನೊಡನೆ ಇದನ್ನು ಹೇಳುತ್ತಾರೆ. ಕಟ್ಟಬೇಕೆಂದಿರುವವರು ಅಂಜಿಕೆಯಿಂದ ಕೇಳುತ್ತಾರೆ. ಆದರೆ ತುಸು ನಿಧಾನವಾಗಿ ಕಿವಿಗೊಟ್ಟರೆ ಈ ಮಾತು ಯಾರ ಜಗಲಿಯಲ್ಲಿ ಹುಟ್ಟಿದ್ದೆಂಬುದು ತಿಳಿಯದೆ ಇರದು. ಕಟ್ಟಿ ನೋಡಬೇಕಾದರೆ ಕಟ್ಟಲು ಜಾಗವಾದರೂ ಇರಬೇಕಷ್ಟೆ. ಜಾಗವೇ ಇಲ್ಲದವನಿಗೆ ಗಾದೆಯಲ್ಲಿಯೂ ಜಾಗವಿಲ್ಲ. ಅಂಥವನ ತಲೆಯ ಮೇಲೆ ಸೂರು ಬರಬೇಕಾದರೆ ಎಲ್ಲರ ಹಣದಲ್ಲಿ ಒಂದು ಪಾಲು ಅವನಿಗಾಗಿ ಬರಬೇಕು. ಆ ಪಾಲನ್ನು ಕೊಡುವುದೋ ಬೇಡವೋ, ಕೊಡುವುದಾದರೆ ಯಾರಿಗೆ, ಎಂದು ನಿರ್ಧರಿಸತಕ್ಕವರು ಯಾರು? ಅರಸನೆ, ಅಧಿಕಾರಿಯೆ, ಊರವರೆ? ಈ ಪ್ರಶ್ನೆಗೆ ಸಾವಿರ ವರ್ಷಗಳ ಚರಿತ್ರೆಯುಂಟು. ಅದನ್ನು ನಾನು ಹುಟ್ಟಿ ಬೆಳೆದ ಬೀದರ ಸೀಮೆಯ ಮನ್ನಳ್ಳಿಯ ಕಡೆಯಿಂದ ನೋಡಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಶಾಸನಗಳನ್ನು ಓದಿದವರಿಗೆ ‘ನಿವೇಶನ’ ಎಂಬ ಮಾತು ಹೊಸದಲ್ಲ. ಇಂದು ಬಡಾವಣೆಯ ಜಾಹೀರಾತುಗಳಲ್ಲಿ ಕಾಣುವ ಈ ಪದ ಚಾಲುಕ್ಯರ ಕಾಲದ ದತ್ತಿಶಾಸನಗಳಲ್ಲಿಯೂ ಕಾಣುತ್ತದೆ. ದೇವಾಲಯಕ್ಕೆ ಭೂಮಿಯನ್ನು ಬಿಟ್ಟಂತೆ ಪೂಜಾರಿಗೆ, ಉಪಾಧ್ಯಾಯನಿಗೆ, ಸೇವೆಗೆ ನಿಂತವರಿಗೆ ಮನೆಯ ನಿವೇಶನಗಳನ್ನು ಬಿಟ್ಟದ್ದುಂಟು. ಅಗ್ರಹಾರವೆಂದರೆ ತಾನೆ ಏನು? ಅರಸನೊ ಅಧಿಕಾರಿಯೊ ವಿದ್ವಾಂಸರಿಗೆ ಮನೆ ಮತ್ತು ವೃತ್ತಿಗಳನ್ನು ಒಟ್ಟಿಗೆ ಕಲ್ಪಿಸಿಕೊಟ್ಟ ಏರ್ಪಾಡು. ಊರಿನ ಮಹಾಜನರು ಸೇರಿದ ಸಭೆಯ ಎದುರಿನಲ್ಲಿ ದಾನ ನಡೆಯುತ್ತಿತ್ತು. ‘ಮನೆದೆರೆ’ ಎಂಬ ಕಂದಾಯವೂ ಶಾಸನಗಳಲ್ಲಿ ಬರುತ್ತದೆ. ಮನೆಯಿಂದ ತೆರಿಗೆ ಎತ್ತುವುದು, ಮನೆಗೆಂದು ಭೂಮಿ ಬಿಡುವುದು, ಎರಡೂ ಹಳೆಯ ಕಾಲದ ಸಾರ್ವಜನಿಕ ವ್ಯವಹಾರಗಳೇ ಸರಿ. ಆದರೆ ಈ ಶಾಸನಗಳಲ್ಲಿ ಹೊಲದಲ್ಲಿ ದುಡಿದವನ ಗುಡಿಸಲಿನ ಮಾತು ಬಲು ಅಪೂರ್ವ. ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು; ಆ ಕಲ್ಲನ್ನು ಹೊತ್ತು ತಂದವನು ಎಲ್ಲಿ ಮಲಗಿದನೆಂಬುದನ್ನು ಯಾರೂ ಬರೆಸಲಿಲ್ಲ.

ಈ ಸಂದರ್ಭದಲ್ಲಿ ತಮಿಳುನಾಡಿನ ಉತ್ತರಮೇರೂರಿನ ಶಾಸನವನ್ನು ನೆನೆಯದೆ ಮುಂದುವರಿಯಲಾಗದು. 10ನೆಯ ಶತಮಾನದ ಆದಿಭಾಗದಲ್ಲಿ, ಒಂದನೆಯ ಪರಾಂತಕ ಚೋಳನ ಆಳ್ವಿಕೆಯಲ್ಲಿ, ಆ ಅಗ್ರಹಾರದ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅಲ್ಲಿ ಕೊರೆದಿದ್ದಾರೆ. ಅರ್ಹರ ಹೆಸರುಗಳನ್ನು ಓಲೆಯ ಚೀಟಿಗಳಲ್ಲಿ ಬರೆದು, ಗಡಿಗೆಯಲ್ಲಿ ಹಾಕಿ ಕಲಕಿ, ಏನನ್ನೂ ಅರಿಯದ ಬಾಲಕನ ಕೈಯಿಂದ ಎತ್ತಿಸುತ್ತಿದ್ದರು. ನಮ್ಮ ಪ್ರಜಾಪ್ರಭುತ್ವದ ಪ್ರಾಚೀನತೆಯನ್ನು ಕೊಂಡಾಡುವಾಗ ಎಲ್ಲರೂ ಈ ಗಡಿಗೆಯನ್ನು ತೋರಿಸುತ್ತಾರೆ, ಕೊಂಡಾಡತಕ್ಕದ್ದೂ ಹೌದು. ಆದರೆ ಚೀಟಿಯಲ್ಲಿ ಯಾರ ಹೆಸರು ಬರೆಯಬಹುದೆಂಬ ನಿಯಮವನ್ನೂ ಅದೇ ಶಾಸನ ಹೇಳುತ್ತದೆ. ತೆರಿಗೆ ಕೊಡುವ ಸ್ವಂತ ಭೂಮಿ ಇರಬೇಕು. ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ಅವನು ವಾಸವಾಗಿರಬೇಕು. ಮನೆಯಿಲ್ಲದವನ ಹೆಸರು ಗಡಿಗೆಯ ಬಾಯಿಯವರೆಗೂ ಹೋಗುವಂತಿರಲಿಲ್ಲ. ಸಭೆಯಲ್ಲಿ ಕೂರಬೇಕಾದರೆ ಮನೆ ಬೇಕು; ಮನೆ ಬೇಕೆಂದು ಕೇಳಬೇಕಾದರೆ ಸಭೆಯಲ್ಲಿ ಕೂರಬೇಕು. ಈ ಸುತ್ತು ಹೇಗೆ ಬಿಚ್ಚಿಕೊಂಡಿತು, ಎಷ್ಟರಮಟ್ಟಿಗೆ ಬಿಚ್ಚಿಕೊಂಡಿತು ಎಂಬುದೇ ಈ ಭಾಷಣದ ವಸ್ತು.

ಬೀದರವನ್ನು ನೋಡಲು ಬಂದವರು ಕೋಟೆಯನ್ನು ನೋಡುತ್ತಾರೆ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಎದುರು ನಿಂತು ಬೆರಗಾಗುತ್ತಾರೆ. ದೂರದೇಶದ ವಿದ್ಯಾರ್ಥಿಗಳಿಗೆ ಪಾಠದೊಡನೆ ವಸತಿಯನ್ನೂ ಒದಗಿಸಿದ ಆ ಕಟ್ಟಡ ನಿಜಕ್ಕೂ ಉದಾರ ಮನಸ್ಸಿನ ಗುರುತು. ಅಷ್ಟಾದರೂ ಅದು ಒಬ್ಬ ಮಂತ್ರಿಯ ಔದಾರ್ಯ. ಮುಂದೆ ಬಹಮನಿಗಳು ಹೋಗಿ ಬರೀದಶಾಹಿಗಳು ಬಂದರು, ಮೊಗಲರು ಬಂದರು, ಕೊನೆಗೆ ಸೀಮೆಯೆಲ್ಲ ನಿಜಾಮರ ಕೈಸೇರಿತು. ಹಳ್ಳಿಯ ಮಟ್ಟಿಗೆ ಹೇಳುವುದಾದರೆ ಅರಸನ ಹೆಸರು ಬದಲಾಯಿತೇ ಹೊರತು ವಾಡೆಯ ನೆರಳು ಬದಲಾಗಲಿಲ್ಲ. ನಮ್ಮ ನೆಲ ಕೆಂಪು ಜಂಬಿಟ್ಟಿಗೆಯ ನೆಲ. ಎರಡಾಳು ಅಗೆದರೆ ಕಲ್ಲು ಸಿಗುತ್ತದೆ. ಹಾಗಿದ್ದೂ ವಾಡೆಗೆ ಕೆಂಪು ಕಲ್ಲಿನ ಗೋಡೆ, ಮರದ ಜಂತಿಯ ಮಾಳಿಗೆ. ದುಡಿಯುವವನಿಗೆ ತೊಗರಿಕಟ್ಟಿಗೆಯ ತಡಿಕೆ, ಮೇಲೊಂದಿಷ್ಟು ಹುಲ್ಲು. ಆ ತಡಿಕೆ ನಿಂತ ನೆಲವೂ ಅವನದಲ್ಲ. ಗಾಂವಠಾಣದ ಒಳಗೆ ಜಾಗವಿಲ್ಲದವನು ಧಣಿಯ ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿದ್ದನು. ಧಣಿ ಮುನಿದರೆ ಅಂದೇ ಕೂಲಿ ಹೋಗುತ್ತಿತ್ತು; ಕೂಲಿಯ ಹಿಂದೆಯೇ ಗುಡಿಸಲೂ ಹೋಗುತ್ತಿತ್ತು.

ಸಾರ್ವಜನಿಕ ಹಣದಿಂದ ವಸತಿ ಕಲ್ಪಿಸುವ ಆಧುನಿಕ ಪ್ರಯತ್ನ ನಮ್ಮ ನಾಡಿನಲ್ಲಿ ರೋಗದ ಭಯದಿಂದ ಮೊದಲಾಯಿತೆಂಬುದು ಗಮನಿಸತಕ್ಕ ಸಂಗತಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಹೊರತರಲೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ನಮ್ಮ ಹೈದರಾಬಾದಿನಲ್ಲಿ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಮಹಾಪೂರ ಬಂದು ನಗರದ ಅರ್ಧ ಕೊಚ್ಚಿಹೋದಂತಾಯಿತು. ಮರುವರ್ಷ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಗಿ ಕೊಳಚೆಯ ಕೇರಿಗಳನ್ನು ತೆಗೆಸಿತು. ಬಡವರಿಗೂ ಮಧ್ಯಮವರ್ಗದವರಿಗೂ ಮನೆಗಳನ್ನು ಕಟ್ಟಿಸಿತು. ಒಳ್ಳೆಯ ಕೆಲಸವೇ ಸರಿ. ಆದರೆ ಇದೆಲ್ಲ ರಾಜಧಾನಿಗಳ ಮಾತು. ಆ ನಕಾಶೆಗಳಲ್ಲಿ ಮನ್ನಳ್ಳಿಯಂಥ ಊರುಗಳಿಗೆ ಎಡೆಯಿರಲಿಲ್ಲ. ಮನೆ ಪಡೆಯುವವರನ್ನು ಕೇಳಿ ಏನನ್ನೂ ಮಾಡಿದ್ದಲ್ಲ. ಹುಜೂರಿನ ಫರ್ಮಾನು ಹೊರಟರೆ ಸಾಕಾಗಿತ್ತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು. 1952ರ ಮಹಾಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಜನ ಮೊಟ್ಟಮೊದಲಿಗೆ ವಯಸ್ಕ ಮತಾಧಿಕಾರದಿಂದ ಮತ ಹಾಕಿದರು. ಬ್ರಿಟಿಷ್ ಪ್ರಾಂತಗಳಲ್ಲಿ ಅದಕ್ಕೆ ಮೊದಲು ಮತವಿದ್ದರೂ ಆಸ್ತಿ, ತೆರಿಗೆ, ವಿದ್ಯೆಗಳ ಕಟ್ಟು ಅದಕ್ಕಿತ್ತು. ನಮ್ಮಲ್ಲಿ ಅದೂ ಇಲ್ಲವೆನ್ನುವಷ್ಟು ಕಡಮೆಯಾಗಿದ್ದುದರಿಂದ ಬಹುಮಟ್ಟಿಗೆ ಏನೂ ಇಲ್ಲದಲ್ಲಿಂದ ಎಲ್ಲರಿಗೂ ಮತವೆಂಬಲ್ಲಿಗೆ ಒಂದೇ ನೆಗೆತದಲ್ಲಿ ಬಂದೆವು. ಉತ್ತರಮೇರೂರಿನ ಗಡಿಗೆಯ ಬಾಯಿ ಸಾವಿರ ವರ್ಷಗಳ ತರುವಾಯ ಅಗಲವಾಯಿತೆನ್ನಬೇಕು. ಸ್ವಂತ ಸೂರಿಲ್ಲದವನ ಕೈಗೂ ಮತಪತ್ರ ಬಂದಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮತ ಮೊದಲು ಬಂದು ಮನೆ ತಡವಾಗಿ ಬಂದುದು ನಮ್ಮ ಚರಿತ್ರೆಯ ವಿಶೇಷ. ಆ ತಡದ ಒಂದು ತುಣುಕಿಗೆ ನಾನೇ ಸಾಕ್ಷಿಯಾಗಿರುವುದರಿಂದ ಇಲ್ಲಿ ಸ್ವಂತದ ಒಂದು ಮಾತನ್ನು ಹೇಳಲು ಅನುಮತಿ ಬೇಡುತ್ತೇನೆ.

ನಮ್ಮದು ಭೂಮಿಯುಳ್ಳ ಮನೆತನ. ದೊಡ್ಡ ವಾಡೆಯಲ್ಲದಿದ್ದರೂ ಬಾಗಿಲಿಗೆ ಬಂದವರು ಚಪ್ಪಲಿ ಬಿಟ್ಟು ನಿಲ್ಲುವಷ್ಟು ದೊಡ್ಡದು. ನಮ್ಮ ಮುತ್ಯಾನ ಹೊಲದ ಬದುವಿನಲ್ಲಿ ಮೂರು ಗುಡಿಸಲುಗಳಿದ್ದವು. 1976ರಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗ. ಮುತ್ಯಾ ಉರ್ದು ಕಲಿತವನು. ಕನ್ನಡದ ಕಾಗದಗಳನ್ನು ನಾನೇ ಓದಿ ಹೇಳಬೇಕಾಗಿತ್ತು. ಒಂದು ರಾತ್ರಿ ದೀಪ ಹಚ್ಚಿದ ಮೇಲೆ, ಗುಡಿಸಲಿನವರಲ್ಲಿ ಹಿರಿಯನೊಬ್ಬನು ಹಿತ್ತಲ ಬಾಗಿಲಿಗೆ ಬಂದು ನಿಂತನು. ಮುಂದಿನ ಬಾಗಿಲಿಗೆ ಬರಬಹುದಾಗಿದ್ದವನು ಹಿತ್ತಲಿಗೇಕೆ ಬಂದನೆಂದು ನನಗೆ ಆಗ ಹೊಳೆಯಲಿಲ್ಲ. ಮಡಚಿದ ಕಾಗದವೊಂದನ್ನು ರುಮಾಲಿನಿಂದ ತೆಗೆದು, “ಸಣ್ಣ ಧಣ್ಯಾರೆ, ಇದರಾಗ ಏನು ಬರದಾರ ಜರಾ ಓದಿ ಹೇಳ್ರಿ” ಎಂದನು.

ಅದು ಅರ್ಜಿಯ ನಮೂನೆ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಎಲ್ಲರ ಕಿವಿಗೂ ಬಿದ್ದಿತ್ತು. ಆದರೆ ಆ ಶಾಸನದ 38ನೆಯ ಕಲಮಿನ ಸಂಗತಿ ಬಹುಮಂದಿಗೆ ತಿಳಿಯದು. ಪರರ ಭೂಮಿಯಲ್ಲಿ ಮನೆ ಹಾಕಿಕೊಂಡು ವಾಸವಾಗಿರುವ ಕೃಷಿಕಾರ್ಮಿಕನಿಗೆ ಆ ಮನೆಯೂ ಅದು ನಿಂತ ನೆಲವೂ ಸೇರತಕ್ಕದ್ದು, ಅರ್ಜಿ ಕೊಟ್ಟು ಅವನು ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬಹುದು ಎಂದು ಅದು ವಿಧಿಸುತ್ತದೆ. ಅದೇ 1976ರಲ್ಲಿ ಸಂಸತ್ತು ಮಾಡಿದ ಜೀತಪದ್ಧತಿ ನಿರ್ಮೂಲನ ಶಾಸನವೂ, ಬಿಡುಗಡೆ ಹೊಂದಿದ ಜೀತದಾಳನ್ನು ಅವನಿದ್ದ ಮನೆಯಿಂದ ಹೊರಹಾಕಕೂಡದೆಂದು ಹೇಳಿತು. ಶಾಸನಕರ್ತರು ಒಂದು ನಿಜವನ್ನು ಕಂಡುಕೊಂಡಿದ್ದರು: ಮನುಷ್ಯನನ್ನು ಬಿಡಿಸಿ ಅವನ ಗುಡಿಸಲನ್ನು ಧಣಿಯ ಕೈಯಲ್ಲೇ ಉಳಿಸಿದರೆ ಆ ಬಿಡುಗಡೆ ಸಂಜೆಯ ಹೊತ್ತಿಗೆ ಮುಗಿದುಹೋಗುತ್ತದೆ.

ನಾನು ಓದಿ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ತುಂಬಿ ಕೊಡ್ತೀರೇನ್ರಿ?” ಎಂದನು. ನಾನು ತುಂಬಿ ಕೊಟ್ಟೆನು. ಭೂಮಾಲಿಕನ ಹೆಸರೆಂಬ ಕಡೆ ನನ್ನ ಮುತ್ಯಾನ ಹೆಸರನ್ನು ಬರೆಯುವಾಗ ಕೈ ನಡುಗಿತೆಂದು ಹೇಳಿದರೆ ಅದು ಇಂದಿನ ಅಲಂಕಾರವಾದೀತು. ಅಂದು ನನಗೆ ಅಕ್ಷರ ದುಂಡಾಗಿ ಬಂತೆಂಬ ಸಂತೋಷವೇ ಹೆಚ್ಚಾಗಿತ್ತು. ತಿಂಗಳಲ್ಲಿ ನೋಟೀಸು ಬಂದಿತು. ಅಕ್ಷರ ಯಾರದೆಂದು ಮುತ್ಯಾನಿಗೆ ಯಾರೋ ತಿಳಿಸಿದರು. ಆ ವರ್ಷದ ಜೋಳದ ರಾಶಿ ಮುಗಿಯುವವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಹಿರಿಯನ ಗುಡಿಸಲು ಅವನ ಹೆಸರಿಗೆ ಆಯಿತು. ನಮ್ಮ ಹೊಲದಲ್ಲಿ ಅವನಿಗಿದ್ದ ಕೂಲಿ ಹೋಯಿತು. ಉಳಿದ ಎರಡು ಗುಡಿಸಲಿನವರು ಅರ್ಜಿ ಕೊಡಲೇ ಇಲ್ಲ. ಕಾನೂನಿನಲ್ಲಿದ್ದ ಹಕ್ಕನ್ನು ಅವರು ಅರಿಯರೆಂದಲ್ಲ. ಅರ್ಜಿ ಕೊಟ್ಟವನ ಮುಖ ಊರಿಗೆಲ್ಲ ಕಾಣುತ್ತದೆಂಬುದನ್ನು ಅವರು ಅರಿತಿದ್ದರು.

ಅದೇ ದಶಕದಲ್ಲಿ ಜನತಾ ಮನೆಗಳು ಬಂದವು. 1972ರಲ್ಲಿ ಮೊದಲಾದ ಆ ಯೋಜನೆಯ ಒಂದೇ ಅಳತೆಯ ಮನೆಗಳ ಸಾಲು ಇಂದಿಗೂ ಎಷ್ಟೋ ಊರುಗಳ ಅಂಚಿನಲ್ಲಿ ನಿಂತಿದೆ. 1975ರ ಇಪ್ಪತ್ತಂಶದ ಕಾರ್ಯಕ್ರಮದಲ್ಲಿ ಭೂಹೀನರಿಗೆ ನಿವೇಶನವೆಂಬುದೂ ಒಂದಂಶವಾಗಿತ್ತು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ ಯೋಜನೆ ಬಂದಿತು. 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂದಿತು. ಹಣ ಸಾರ್ವಜನಿಕವಾಯಿತು, ಮನೆಗಳೂ ಎದ್ದವು. ಆದರೆ ಪಟ್ಟಿ? ಆಶ್ರಯದ ಪಟ್ಟಿ ಶಾಸಕರ ಅಧ್ಯಕ್ಷತೆಯ ಸಮಿತಿಯಲ್ಲಿ ರೂಪುಗೊಳ್ಳುತ್ತಿತ್ತು. ಒಳ್ಳೆಯ ಶಾಸಕರಿದ್ದಲ್ಲಿ ಒಳ್ಳೆಯ ಪಟ್ಟಿಯೂ ಆಗಿರಬಹುದು. ಅಂತೂ ಹೆಸರು ಹತ್ತಿಸಿಕೊಳ್ಳಬೇಕಾದವನು ಯಾರದೋ ಮನೆಯ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಮದರಸಾದ ಕಾಲದ ಔದಾರ್ಯ ಖಾದಿ ತೊಟ್ಟು ಬಂದಂತಾಯಿತು. ಜನ ಅದನ್ನು ‘ಮನೆ ಕೊಡಿಸಿದರು’ ಎಂದೇ ಹೇಳುತ್ತಿದ್ದರು. ಕೊಡಿಸುವುದೆಂಬ ಕ್ರಿಯಾಪದ ಇರುವಲ್ಲಿ ಹಕ್ಕೆಂಬ ನಾಮಪದಕ್ಕೆ ಎಡೆ ಕಡಮೆ. ವ್ಯಾಕರಣ ಕಲಿಸಿದವನಾದ್ದರಿಂದ ನನಗಿದು ಕಿವಿಗೆ ಹತ್ತುತ್ತಿತ್ತು.

ಈ ಬಾಗಿಲನ್ನು ಊರ ಚಾವಡಿಗೆ ಸರಿಸುವ ಯತ್ನ ನಡೆದುದು 1980ರ ದಶಕದಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬರು ಪಂಚಾಯತಿಯ ಮಂತ್ರಿಗಳಾಗಿದ್ದರು. ಊರೂರಿಗೆ ಕೊಳವೆಬಾವಿ ತೋಡಿಸಿದುದರಿಂದ ಅವರಿಗೆ ‘ನೀರ್‌ಸಾಬ್’ ಎಂದೇ ಹೆಸರಾಯಿತು. 1983ರ ಶಾಸನದ ಮೇರೆಗೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಅಲ್ಲಿಂದ ದಿಲ್ಲಿಗೆ ಹೋದ ಈ ವಿಚಾರ ಸಂವಿಧಾನದ 73ನೆಯ ತಿದ್ದುಪಡಿಯಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಕರ್ನಾಟಕ ಅದಕ್ಕೆ ಅನುಗುಣವಾಗಿ ಅದೇ ವರ್ಷ ಹೊಸ ಪಂಚಾಯತ್ ರಾಜ್ ಶಾಸನವನ್ನು ಮಾಡಿಕೊಂಡಿತು. ಊರಿನ ಮತದಾರರೆಲ್ಲರೂ ಸದಸ್ಯರಾದ ಗ್ರಾಮ ಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಸಿಕ್ಕಿತು. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಹನ್ನೊಂದನೆಯ ಅನುಸೂಚಿಯಲ್ಲಿ 10ನೆಯದು ಗ್ರಾಮೀಣ ವಸತಿ. ಮನೆಯ ಫಲಾನುಭವಿಗಳನ್ನು ಗ್ರಾಮ ಸಭೆಯಲ್ಲಿ ಆರಿಸಬೇಕು, ಪಟ್ಟಿಯನ್ನು ಎಲ್ಲರೆದುರು ಓದಬೇಕು ಎಂಬುದು ನಿಯಮವಾಯಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. 2016ರಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆ ಬಂದಿತು. ಅದರಲ್ಲಿ ಬಯಲುಸೀಮೆಯ ಒಂದು ಮನೆಗೆ 1,20,000 ರೂಪಾಯಿ ನೆರವು. ಕೇಂದ್ರದ್ದು ಅರುವತ್ತು, ರಾಜ್ಯದ್ದು ನಲವತ್ತು ಪಾಲು. 2011ರ ಜಾತಿವಾರು ಆರ್ಥಿಕ ಗಣತಿಯಿಂದ ಹೆಕ್ಕಿದ ಆ ಪಟ್ಟಿಯನ್ನೂ ಗ್ರಾಮ ಸಭೆಯೇ ಪರಿಶೀಲಿಸತಕ್ಕದ್ದು.

ಈಗ ನೋಟವನ್ನು ತುಸು ಹೊರನಾಡುಗಳತ್ತ ಹೊರಳಿಸೋಣ. ಬಡವರ ವಸತಿಗೆ ತೆರಿಗೆಯ ಹಣ ಕೊಡಬೇಕೆ ಎಂದು ಊರಿನ ಮತದಾರರನ್ನೇ ನೇರವಾಗಿ ಕೇಳುವ ಪದ್ಧತಿ ಕೆಲವು ದೇಶಗಳಲ್ಲಿದೆ. ಅಮೆರಿಕದ ಸಿಯಾಟಲ್ ನಗರದ ಜನ 1981ರಲ್ಲಿ ವೃದ್ಧರ ಮನೆಗಳಿಗಾಗಿ ಮತಪತ್ರದ ಮೂಲಕ ಹಣಕ್ಕೆ ಒಪ್ಪಿಗೆ ಕೊಟ್ಟರು. ಮುಂದೆ ಹಲವು ಬಾರಿ ವಸತಿಗಾಗಿ ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹಾಕಿಕೊಂಡರು. 2023ರಲ್ಲಿ ಏಳು ವರ್ಷಗಳಿಗೆ 97 ಕೋಟಿ ಡಾಲರುಗಳಿಗೆ ಸಮ್ಮತಿಯಿತ್ತರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಮತದಾರರು 2011ರ ನವೆಂಬರಿನಲ್ಲಿ, 2050ರ ಹೊತ್ತಿಗೆ ಊರಿನ ಬಾಡಿಗೆ ಮನೆಗಳಲ್ಲಿ ಮೂರನೆಯ ಒಂದು ಪಾಲು ಲಾಭದಾಸೆಯಿಲ್ಲದ ಮನೆಗಳಾಗಿರಬೇಕೆಂದು ತೀರ್ಮಾನಿಸಿದರು. ನಾಲ್ವರಲ್ಲಿ ಮೂವರು ಹೌದೆಂದರು. ಉಳ್ಳವನು ಇಲ್ಲದವನಿಗಾಗಿ, ಯಾರೂ ನೋಡದ ಮರೆಯಲ್ಲಿ ನಿಂತು, ಕೊಡುತ್ತೇನೆಂದು ಗುರುತು ಹಾಕುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಮತಪತ್ರದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅದೇ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1950ರಲ್ಲಿ ಮತದಾರರು ತಮ್ಮ ಸಂವಿಧಾನಕ್ಕೆ 34ನೆಯ ವಿಧಿಯನ್ನು ಸೇರಿಸಿದರು. ಬಡವರಿಗಾಗಿ ಸರ್ಕಾರ ಕಡಮೆ ಬಾಡಿಗೆಯ ಮನೆ ಕಟ್ಟಬೇಕಾದರೆ ಆ ಊರಿನವರ ಮತದ ಒಪ್ಪಿಗೆ ಬೇಕೆಂಬುದು ಅದರ ತಾತ್ಪರ್ಯ. ಸಿರಿವಂತರ ಬಂಗಲೆಗೆ ಅಂಥ ಒಪ್ಪಿಗೆ ಬೇಕಿರಲಿಲ್ಲ. ಆ ವಿಧಿಯನ್ನು 1971ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅರಿಜೋನ ರಾಜ್ಯದಲ್ಲಿಯಂತೂ ಇಂಥ ಸಾರ್ವಜನಿಕ ಸಾಲಗಳ ಮತದಾನದಲ್ಲಿ ಆಸ್ತಿ ತೆರಿಗೆ ಕೊಡುವವರಿಗೆ ಮಾತ್ರ ಮತವಿತ್ತು. 1970ರಲ್ಲಿ ಅದನ್ನು ಅದೇ ನ್ಯಾಯಾಲಯ ತೆಗೆದುಹಾಕಬೇಕಾಯಿತು. ಉತ್ತರಮೇರೂರಿನ ನಿಯಮ ಸಮುದ್ರದಾಚೆ 1970ರವರೆಗೆ ಬದುಕಿತ್ತೆಂದು ನಾನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಿದ್ದರು. ನಗುವ ಸಂಗತಿಯೇನೂ ಅಲ್ಲ. ಮನೆಯುಳ್ಳವರನ್ನಷ್ಟೇ ಕರೆದು, ಮನೆಯಿಲ್ಲದವರನ್ನು ಏನು ಮಾಡೋಣವೆಂದು ಕೇಳುವ ಚಾಳಿ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಇದೆ.

ನಮ್ಮ ಹಳ್ಳಿಗಳಲ್ಲಿ ವಸತಿಯ ಹಣಕ್ಕಾಗಿ ಮತಪೆಟ್ಟಿಗೆ ಇಡುವ ರೂಢಿಯಿಲ್ಲ. ನಮಗಿರುವುದು ಗ್ರಾಮ ಸಭೆ. ಅಲ್ಲಿ ಪೆಟ್ಟಿಗೆಯ ಬದಲು ಎತ್ತಿದ ಕೈ. ನಿವೃತ್ತನಾದ ಮೇಲೆ, ನಮ್ಮ ಕಡೆಯ ಒಂದು ಸಣ್ಣ ಊರಿನಲ್ಲಿ ಅಂಥ ಸಭೆಯನ್ನು ಮೂಲೆಯಲ್ಲಿ ಕುಳಿತು ನೋಡಿದೆನು. ಶಾಲೆಯ ಅಂಗಳ, ಬೇವಿನ ನೆರಳು, ಮುಂದಿನ ಕುರ್ಚಿಗಳಲ್ಲಿ ಊರ ಪ್ರಮುಖರು, ಹಿಂದೆ ಜಮಖಾನೆಯ ಮೇಲೆ ಗಂಡಸರು, ಗೋಡೆಗೆ ಒರಗಿ ಹೆಂಗಸರು. ಮನೆಯ ಪಟ್ಟಿಯನ್ನು ಓದಿದರು. ಓದಿ ಮುಗಿದ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತು, “ನನ್ನ ಹೆಸರು ಯಾಕ್ ಬರಲಿಲ್ರಿ?” ಎಂದು ಕೇಳಿದಳು. ಕಾಗದ ನೋಡಿ ಉತ್ತರ ಹೇಳಿದರು: ಗಣತಿಯಲ್ಲಿ ಅವಳ ಗೋಡೆ ಕಲ್ಲಿನದೆಂದು ಬರೆದಿದೆ, ಕಲ್ಲಿನ ಗೋಡೆಯೆಂದರೆ ಪಕ್ಕಾ, ಪಕ್ಕಾ ಮನೆಯಿದ್ದವರಿಗೆ ಇದು ಬರುವುದಿಲ್ಲ. ನಾನು ಮೊದಲೇ ಹೇಳಿದಂತೆ ನಮ್ಮ ನೆಲದಲ್ಲಿ ಕಲ್ಲಿಗೆ ಬರವಿಲ್ಲ. ಬಿದ್ದ ಹಳೆಯ ಗೋಡೆಗಳ ಕೆಂಪು ಕಲ್ಲನ್ನು ಆಯ್ದು, ಕೆಸರಿನಲ್ಲಿ ಕೂಡಿಸಿ, ಮೇಲೆ ತಗಡು ಹೊದಿಸಿದ ಮನೆ ಅವಳದು. ಗಾರೆಯಿಲ್ಲದೆ ಜೋಡಿಸಿದ ಕಲ್ಲು ಪಕ್ಕಾ ಗೋಡೆಯ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಗಣತಿಯ ನಿಯಮದಲ್ಲಿಯೇ ಇತ್ತು. ಬರೆದುಕೊಂಡವರು ಅಷ್ಟು ಹತ್ತಿರ ಹೋಗಿ ನೋಡಿರಲಿಲ್ಲ. ಅವಳು ಹೇಳಿದಳು: “ಕಲ್ಲು ಪಕ್ಕಾ ಅದಾವ್ರಿ ಸಾಹೇಬ್ರ, ಮನಿ ಪಕ್ಕಾ ಇಲ್ಲ.”

ಸಭೆ ಸ್ತಬ್ಧವಾಯಿತು. ಅವಳ ಹೆಸರನ್ನು ಸೇರಿಸಬೇಕೆಂದು ಮೇಲಕ್ಕೆ ಬರೆಯೋಣವೆ, ಒಪ್ಪುವವರು ಕೈ ಎತ್ತಿರೆಂದು ಅಧ್ಯಕ್ಷರು ಕೇಳಿದರು. ಆಗ ನಾನು ಕಂಡದ್ದು ಇದು: ಜಮಖಾನೆಯ ಮೇಲಿದ್ದವರ ಕಣ್ಣುಗಳು ಅವಳ ಕಡೆ ಹೋಗಲಿಲ್ಲ, ಮುಂದಿನ ಕುರ್ಚಿಯೊಂದರ ಕಡೆ ಹೋದವು. ಕುರ್ಚಿಯಲ್ಲಿದ್ದವನು ತಲೆಯೆತ್ತದೆ ಅಡಕೆ ಕತ್ತರಿಸುತ್ತಿದ್ದನು. ಅವನು ಬೇಡವೆಂದೂ ಹೇಳಲಿಲ್ಲ. ಬೇಡವೆನ್ನುವ ಅಗತ್ಯವೂ ಇರಲಿಲ್ಲ. ಐವತ್ತು ವರ್ಷಗಳ ಹಿಂದೆ ನಮ್ಮ ಹಿತ್ತಲಿಗೆ ಕತ್ತಲಲ್ಲಿ ಬಂದ ಹಿರಿಯನ ನೆನಪು ನನಗೆ ಆ ಕ್ಷಣದಲ್ಲಿ ಬಂದಿತು. ಕತ್ತಲೆ ಅವನಿಗೆ ಒಂದು ಮತಪೆಟ್ಟಿಗೆಯಾಗಿತ್ತು. ಈ ಬಿಸಿಲಿನ ಅಂಗಳದಲ್ಲಿ ಅಂಥ ಮರೆಯಿರಲಿಲ್ಲ.

ಕೊನೆಗೆ ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ ಕೈ ಎತ್ತಿದಳು. ಅವಳ ಬಲಕ್ಕಿದ್ದವಳು ಎತ್ತಿದಳು. ಬಳಿಕ ಎಂಟು ಹತ್ತು ಮಂದಿ ಎತ್ತಿದರು. ಜಮಖಾನೆಯ ಮೇಲೆ ಅಲ್ಲಲ್ಲಿ ಕೈಗಳು ಎದ್ದವು. ನಿರ್ಣಯ ಬರೆಯಲಾಯಿತು. ಅದರಿಂದ ಅವಳಿಗೆ ಮನೆ ಬಂದಿತೆ ಎಂದು ಕೇಳುವವರಿಗೆ, ಇನ್ನೂ ಬಂದಿಲ್ಲ, ಕಾಗದ ನಡೆಯುತ್ತಿದೆ ಎಂದಷ್ಟೇ ಹೇಳಬಲ್ಲೆ. ಆದರೆ ಅವಳ ಮಾತು ಊರಿನ ನಡಾವಳಿ ಪುಸ್ತಕದಲ್ಲಿ ಶಾಯಿಯಲ್ಲಿ ಉಳಿದಿದೆ. ಶಾಸನಗಳಲ್ಲಿ ನಾನು ಹುಡುಕಿ ಕಾಣದ ಸಾಲು ಅದು.

ಹಾಗಾದರೆ ಯಾವುದು ಮೇಲು, ಎತ್ತಿದ ಕೈಯೊ ಮಡಚಿದ ಚೀಟಿಯೊ? ಬಯಲಿನ ಸಭೆಗೆ ಒಂದು ಹೆಚ್ಚುಗಾರಿಕೆಯುಂಟು. ಪಟ್ಟಿಯನ್ನು ಗಟ್ಟಿಯಾಗಿ ಓದುವುದರಿಂದ ಬಿಟ್ಟ ಹೆಸರೂ ಕೇಳಿಸುತ್ತದೆ. ಮರೆಯಲ್ಲಿ ಗುರುತು ಹಾಕುವವನಿಗೆ ‘ಮನಿ ಪಕ್ಕಾ ಇಲ್ಲ’ ಎಂಬ ಮಾತು ಕೇಳಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಮತದಾರನಿಗೆ ತಾನು ಬೇಡವೆಂದವರ ಮುಖ ಕಾಣದೆ ಇದ್ದುದೇ ಬೇಡವೆನ್ನುವುದನ್ನು ಸುಲಭ ಮಾಡಿರಲೂ ಸಾಕು. ಇತ್ತ ಚೀಟಿಗೂ ಒಂದು ಗುಣವಿದೆ. ಅದಕ್ಕೆ ಕುರ್ಚಿಯ ಕಡೆ ನೋಡುವ ಕಣ್ಣಿಲ್ಲ. ಆದುದರಿಂದ ಮಾತು ಬಯಲಿನಲ್ಲಿ ಆಗಲಿ, ಪಟ್ಟಿ ಬಯಲಿನಲ್ಲಿ ಓದಲಿ. ಬಲಿಷ್ಠನ ಇಷ್ಟಕ್ಕೂ ದುರ್ಬಲನ ಹಕ್ಕಿಗೂ ತಿಕ್ಕಾಟ ಬಂದ ಗಳಿಗೆಯಲ್ಲಿ ಕೈಯ ಬದಲು ಚೀಟಿ ಎಣಿಸಲಿ ಎಂದು ನನಗೆ ತೋರುತ್ತದೆ. ಒಂದು ಗಡಿಗೆಗೆ ಎಷ್ಟು ವೆಚ್ಚವಾದೀತು? ಸಾವಿರ ವರ್ಷಗಳ ಹಿಂದಿನ ಆ ಗಡಿಗೆಯನ್ನು, ಅದರ ಬಾಯಿಗೆ ಕಟ್ಟಿದ್ದ ಹಳೆಯ ನಿಯಮವನ್ನು ಮಾತ್ರ ಬಿಚ್ಚಿ, ಮತ್ತೆ ತಂದಿಟ್ಟುಕೊಂಡರೆ ತಪ್ಪಾಗದು.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಬೀದರವೂ ಸೇರಿ ಐದು ಜಿಲ್ಲೆಗಳ ತಾಂಡಾಗಳಲ್ಲಿ ವಾಸಿಸುವ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ತಮ್ಮ ಮನೆಯ ನೆಲದ ಹಕ್ಕುಪತ್ರಗಳು ದೊರೆತವು. ಭೂಸುಧಾರಣಾ ಶಾಸನದ ಆ 38ನೆಯ ಕಲಮಿಗೆ ನಾಲ್ಕು ದಶಕಗಳ ಮೇಲೆ ‘38ಎ’ ಎಂಬುದೊಂದನ್ನು ಸೇರಿಸಿ, ದಾಖಲೆಯಿಲ್ಲದ ತಾಂಡಾ ಹಟ್ಟಿಗಳಲ್ಲಿ ‘ವಾಸಿಸುವವನೇ ಮನೆಯೊಡೆಯ’ ಎಂದು ಮಾಡಿದ್ದರ ಫಲವದು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ಅಲ್ಲಿ ಅರಸರು ದತ್ತಿ ಬಿಟ್ಟರು, ಕವಿಗಳು ಅದನ್ನು ಹೊಗಳಿದರು. ಗೋರು ಕಾಯುತ್ತ, ಉಪ್ಪು ಧಾನ್ಯಗಳನ್ನು ಹೇರಿಕೊಂಡು ಊರಿಂದೂರಿಗೆ ನಡೆದ ಜನರ ಕೈಗೆ ಅದೇ ನೆಲದಲ್ಲಿ ಒಂದು ಕಾಗದ ಬಂದುದನ್ನು ಪತ್ರಿಕೆಯಲ್ಲಿ ಓದಿದಾಗ, ನನ್ನ ದುಂಡಕ್ಷರದ ಅರ್ಜಿ ನೆನಪಾಯಿತು.

ಮುತ್ಯಾ ತೀರಿಕೊಳ್ಳುವ ಮೊದಲು ಆ ಸಂಗತಿಯನ್ನು ಒಮ್ಮೆ ಮಾತ್ರ ಎತ್ತಿದ್ದನು. ನನ್ನ ಎಂ.ಎ. ಮುಗಿದ ವರ್ಷ. ಬದುವಿನ ಕಡೆ ಕೈ ತೋರಿಸಿ, “ಅಂವ ನನ್ನ ಮುಂದ ಬಂದು ಕೇಳಿದ್ರ ಕೊಡ್ತಿದ್ದೆ” ಎಂದನು. ಕೊಡುತ್ತಿದ್ದನೆಂದೇ ನಾನು ನಂಬುತ್ತೇನೆ. ಮುತ್ಯಾ ಕಠಿನ ಹೃದಯದವನಾಗಿರಲಿಲ್ಲ. ಆದರೆ ಆ ಹಿರಿಯನಿಗೆ ಬೇಕಾಗಿದ್ದುದು ಕೊಟ್ಟ ಮನೆಯಲ್ಲ. ಯಾರ ಮುಂದೆಯೂ ಚಪ್ಪಲಿ ಬಿಟ್ಟು ನಿಂತು ಕೇಳಬೇಕಾಗಿಲ್ಲದ ಮನೆ ಅವನಿಗೆ ಬೇಕಾಗಿತ್ತು. ಅದನ್ನು ಮುತ್ಯಾನಿಗೆ ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ. ಇಂದು ನಿಮ್ಮೆದುರು ಹೇಳಿದ್ದೇನೆ.

(ಬಾನುಲಿ ಭಾಷಣ)